ಹೊಸ ಕಂಡೆನ್ಸರ್ ಮೈಕ್: ದನಿ ಕ್ಷೀಣ, ಸೊಂಯ್ ಸದ್ದು ಜೋರು

ಹಾಸನದಿಂದ:
ನಮಸ್ಕಾರ. ಮಗಳು ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ. ಮನೆಯಲ್ಲೇ ರೆಕಾರ್ಡ್ ಮಾಡೋಣ ಅಂತ ಆನ್‌ಲೈನಿನಲ್ಲಿ ಒಂದು ಕಂಡೆನ್ಸರ್ ಮೈಕ್ ತರಿಸಿದೆ. ಜೊತೆಗೆ ಬಂದ ವೈರಿನ ಒಂದು ತುದಿ ಮೂರು ಪಿನ್ನಿನ ಎಕ್ಸ್‌ಎಲ್‌ಆರ್, ಇನ್ನೊಂದು 3.5 ಎಂಎಂ ಪಿನ್ನು. ಡೆಸ್ಕ್‌ಟಾಪಿನ ಹಿಂದಿರುವ ಗುಲಾಬಿ ಸಾಕೆಟ್‌ಗೇ ಹಾಕಿದ್ದೇನೆ. ರೆಕಾರ್ಡ್ ಮಾಡುವ ಆಡಾಸಿಟಿ ಸಾಫ್ಟ್‌ವೇರಿನಲ್ಲಿ ಗೆರೆ ಅಲ್ಲಾಡುವುದೇ ಕಷ್ಟ. ವಿಂಡೋಸ್‌ನಲ್ಲಿ ಮೈಕ್ ಬೂಸ್ಟ್ 30 ಡಿಬಿಗೆ ಏರಿಸಿದರೆ ದನಿ ಬರುತ್ತದೆ, ಆದರೆ ಅದಕ್ಕಿಂತ ಜೋರಾಗಿ ಸೊಂಯ್ ಅನ್ನುತ್ತದೆ. ಮೈಕೇ ಕೆಟ್ಟಿದೆಯಾ? ವಾಪಸ್ ಕಳಿಸಲು ಇನ್ನೂ ಟೈಮಿದೆ.

ಚಿಕ್ಕಮಗಳೂರಿನಿಂದ:
ತಡೀರಿ ಸರ್, ಈಗಲೇ ಕಳಿಸಬೇಡಿ. ಕಂಡೆನ್ಸರ್ ಮೈಕಿನ ಒಳಗೊಂದು ಚಿಕ್ಕ ಸರ್ಕ್ಯೂಟ್ ಇರುತ್ತದೆ. ಅದಕ್ಕೆ ಕರೆಂಟ್ ಬೇಕು. ಸಾಮಾನ್ಯವಾಗಿ ಕೊಡುವುದು 48 ವೋಲ್ಟ್, ಅದನ್ನೇ ಫ್ಯಾಂಟಮ್ ಪವರ್ ಅನ್ನುವುದು. ಎಕ್ಸ್‌ಎಲ್‌ಆರ್‌ನ 2 ಮತ್ತು 3ನೇ ಪಿನ್ನಿನ ಮೂಲಕ, ದನಿ ಬರುವ ದಾರಿಯಲ್ಲೇ ಅದು ಮೈಕಿಗೆ ಹೋಗುತ್ತದೆ. ನಿಮ್ಮ ಗುಲಾಬಿ ಸಾಕೆಟ್ಟಿನಲ್ಲಿ ಸಿಗುವುದು ಕೆಲವೇ ವೋಲ್ಟ್. ಮೈಕ್ ಅರೆಜೀವದಲ್ಲಿದೆ, ಅದಕ್ಕೇ ದನಿ ಇಲ್ಲ. ಬೂಸ್ಟ್ ಏರಿಸಿದಾಗ ಮದರ್‌ಬೋರ್ಡಿನ ಗಲಾಟೆಯೂ ಜೊತೆಗೇ ಏರುತ್ತದೆ.

48 ವೋಲ್ಟ್ ಸ್ವಿಚ್ ಇರುವ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ತಗೊಳ್ಳಿ, ಅಂದರೆ ಮೈಕಿನ ದನಿಯನ್ನು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಕೊಡುವ ಡಬ್ಬಿ. ಒಬ್ಬರ ಹಾಡಿಗೆ ಒಂದು ಮೈಕ್ ಇನ್‌ಪುಟ್ ಇದ್ದರೆ ಸಾಕು. ವೈರ್ ಮಾತ್ರ ಎರಡೂ ಕಡೆ ಎಕ್ಸ್‌ಎಲ್‌ಆರ್ ಇರುವುದೇ ಬೇಕು. ಬರೀ ಫ್ಯಾಂಟಮ್ ಪವರ್ ಡಬ್ಬಿ ಕಡಿಮೆಗೆ ಸಿಗುತ್ತದೆ ನಿಜ. ಆದರೆ ಅದರಿಂದ ಹೊರಟ ವೈರ್ ಕೊನೆಗೆ ಅದೇ ಗುಲಾಬಿ ಸಾಕೆಟ್‌ಗೆ ಹೋಗಬೇಕಲ್ವಾ? ನನ್ನ ಲೆಕ್ಕದಲ್ಲಿ ದುಡ್ಡು ದಂಡ.

ಸಕಲೇಶಪುರದಿಂದ:
ಇಂಟರ್‌ಫೇಸ್ ಹಾಕಿದ ಮೇಲೆ ಆಡಾಸಿಟಿಯಲ್ಲೂ ರೆಕಾರ್ಡಿಂಗ್ ಡಿವೈಸ್ ಬದಲಾಯಿಸಿ. ಸುಮಾರು ಜನ ಹಳೆಯದನ್ನೇ ಬಿಟ್ಟು ಒದ್ದಾಡುತ್ತಾರೆ. ವಿಂಡೋಸ್‌ನ ಪ್ರೈವಸಿ ಸೆಟ್ಟಿಂಗಿನಲ್ಲಿ ಮೈಕ್ರೋಫೋನ್ ಆನ್ ಇದೆಯಾ ಅಂತಲೂ ನೋಡಿ.

ಹಾಸನದಿಂದ:
ಇಂಟರ್‌ಫೇಸ್ ಬಂತು. ದನಿ ಈಗ ತುಂಬಾ ಚೆನ್ನಾಗಿದೆ! ಆದರೆ ಎರಡು ಹೊಸ ತಲೆನೋವು. ಶ್ರುತಿ ಪೆಟ್ಟಿಗೆ ಆಫ್ ಮಾಡಿದರೂ ಹಿಂದೆ ಗುಂಯ್ ಅಂತ ಸಣ್ಣಗೆ ಕೇಳುತ್ತದೆ. ಇನ್ನೊಂದು, ಹೆಡ್‌ಫೋನಿನಲ್ಲಿ ಅವಳ ದನಿ ಅವಳಿಗೇ ತಡವಾಗಿ ಬರುತ್ತಿದೆ. ತಾಳ ಕೆಡುತ್ತಿದೆ ಅಂತಾಳೆ.

ಚಿಕ್ಕಮಗಳೂರಿನಿಂದ:
ತಡವಾಗುವುದು ಸುಲಭ. ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಮಾನಿಟರ್ ಸ್ವಿಚ್ ಇರುತ್ತದೆ, ಆನ್ ಮಾಡಿ. ದನಿ ಕಂಪ್ಯೂಟರಿಗೆ ಹೋಗಿ ಬರದೆ ನೇರ ಕಿವಿಗೆ ಬರುತ್ತದೆ. ಸಾಫ್ಟ್‌ವೇರಿನ ಮಾನಿಟರಿಂಗ್ ಆಫ್ ಇರಲಿ, ಇಲ್ಲದಿದ್ದರೆ ಎರಡು ಸಲ ಕೇಳುತ್ತದೆ. ಕಂಪ್ಯೂಟರ್ ದನಿಯನ್ನು ಸ್ವಲ್ಪ ಸ್ವಲ್ಪ ಕೂಡಿಟ್ಟುಕೊಂಡು ಕಳಿಸುತ್ತದೆ, ಅದೇ ಬಫರ್. 48 ಕಿಲೊಹರ್ಟ್ಸ್‌ನಲ್ಲಿ 1024 ಸ್ಯಾಂಪಲ್ ಬಫರ್ ಅಂದರೆ ಅಲ್ಲೇ 21 ಮಿಲಿಸೆಕೆಂಡ್, ಅದೂ ಒಂದು ಕಡೆಗೆ. ಮೂರನೇ ಕಾಲದ ಸ್ವರಕ್ಕೆ ಅಷ್ಟು ಸಾಕು ಎಡವಟ್ಟಾಗಲು.

ಗುಂಯ್ ಸದ್ದಿನ ವಿಷಯ ಬೇರೆ. ಅದು ಮನೆಯ ಕರೆಂಟಿನದು, 50 ಹರ್ಟ್ಸ್ ಮತ್ತು ಅದರ ದುಪ್ಪಟ್ಟು 100. ಪಾಶ್ಚಾತ್ಯ ಸಂಗೀತದ ಜಿ ಸ್ವರಕ್ಕಿಂತ ಒಂಚೂರು ಮೇಲೆ ನಿಲ್ಲುತ್ತದೆ. ಹಾಗಾಗಿ ಜಿ ಶ್ರುತಿಯಲ್ಲಿ ಹಾಡಿದರೂ ಕೂಡುವುದಿಲ್ಲ. (ಸಂಗೀತಗಾರರ ಊರು ರುದ್ರಪಟ್ಟಣ ಇರುವ ಜಿಲ್ಲೆಯವರು ನೀವು, ಶ್ರುತಿಯ ಬಗ್ಗೆ ನಾನೇನು ಹೇಳಲಿ!) ನಾಯ್ಸ್ ರಿಡಕ್ಷನ್ ಹಾಕಿ ತೆಗೆಯಲು ಹೋಗಬೇಡಿ. ಜಾಸ್ತಿ ಹಾಕಿದರೆ ಗಮಕದ ಬಾಲವೂ ಕತ್ತರಿಸಿ ಹೋಗುತ್ತದೆ, ದನಿ ನೀರೊಳಗಿನಿಂದ ಬಂದಂತೆ ಆಗುತ್ತದೆ.

ಒಂದು ಪ್ರಶ್ನೆ. ಸಿಪಿಯು ಡಬ್ಬದ ತಗಡು ಕೈಗೆ ತಾಗಿದಾಗ ಯಾವಾಗಲಾದರೂ ಜುಂ ಅಂದಿದೆಯಾ?

ಹಾಸನದಿಂದ:
ಹೌದು! ಬರಿಗಾಲಲ್ಲಿದ್ದರೆ ಜಾಸ್ತಿ. ಹಳೇ ಮನೆ ಸರ್, ಎಲ್ಲ ಹೀಗೇ ಅಂದುಕೊಂಡಿದ್ದೆವು.

ಚಿಕ್ಕಮಗಳೂರಿನಿಂದ:
ಹಾಗಾದರೆ ಅರ್ಥಿಂಗ್ ಸರಿಯಿಲ್ಲ. ಇದು ರೆಕಾರ್ಡಿಂಗಿಗಿಂತ ದೊಡ್ಡ ವಿಷಯ, ಮೊದಲು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಎಷ್ಟೋ ಹಳೇ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ತೂತು ಇರುತ್ತದೆ, ಮೇಲಿನ ದೊಡ್ಡ ತೂತಿನ ಹಿಂದೆ ವೈರೇ ಇರುವುದಿಲ್ಲ. ವೈರ್ ಇದ್ದರೂ ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿರುತ್ತದೆ. ಯಾರಾದರೂ ಅರ್ಥ್ ಪಿನ್ ತೆಗೆದುಬಿಡಿ, ಸದ್ದು ಹೋಗುತ್ತದೆ ಅಂದರೆ ಕೇಳಲೇಬೇಡಿ. ಸರಿಯಾದ ಮೇಲೆ ಕಂಪ್ಯೂಟರ್, ಮಾನಿಟರ್, ಸ್ಪೀಕರ್ ಎಲ್ಲ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ.

ಹಾಸನದಿಂದ:
ನೀವು ಹೇಳಿದ್ದೇ ನಿಜ. ಬೋರ್ಡ್ ಬಿಚ್ಚಿದರೆ ಹಸಿರು ವೈರ್ ಎಲ್ಲಿಗೂ ಸೇರಿರಲಿಲ್ಲ, ಸುಮ್ನೆ ಮಡಚಿ ಒಳಗೆ ತುರುಕಿದ್ದರು. ಎಲೆಕ್ಟ್ರಿಷಿಯನ್ ಸೇರಿಸಿ ಚೆಕ್ ಮಾಡಿದರು. ಗುಂಯ್ ಹೋಯಿತು, ಜುಂ ಕೂಡ. ಇಂಟರ್‌ಫೇಸಿನಲ್ಲಿ ದನಿ ಏರಿಸುವ ಗೇಯ್ನ್ ಎಷ್ಟಿಡಲಿ?

ಚಿಕ್ಕಮಗಳೂರಿನಿಂದ:
ತಾರಸ್ಥಾಯಿಯಲ್ಲಿ ಗಟ್ಟಿಯಾಗಿ ಹಾಡಿಸಿ, ಆಗ ಮೀಟರ್ ಮೈನಸ್ 12 ಡಿಬಿ ಹತ್ತಿರ ಬರುವಷ್ಟು ಸಾಕು. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದರೆ ಕಡಿಮೆ ಇದ್ದರೂ ಆಮೇಲೆ ಏರಿಸಬಹುದು. ಗೇಯ್ನ್ ಜಾಸ್ತಿಯಾಗಿ ಒಡೆದ ದನಿಯನ್ನು ಸರಿ ಮಾಡುವುದು ಕಷ್ಟ.

ಸಕಲೇಶಪುರದಿಂದ:
ಮಳೆಗಾಲದಲ್ಲಿ ಮೈಕನ್ನು ಸ್ಟ್ಯಾಂಡಿನಲ್ಲೇ ಬಿಡಬೇಡಿ. ತೇವ ಹಿಡಿದರೆ ಕಂಡೆನ್ಸರ್ ಪಟಪಟ ಅನ್ನುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.