ಉತ್ತರ ನಿಜ, ಆದರೂ ತಪ್ಪು! ಹಕ್ಕಿ ಹಾರಾಟದ ಪ್ಯಾಸೇಜ್ ಬಗ್ಗೆ ಒಂದು ಜಗಳ

ಬೈನಾಕ್ಯುಲರ್ ಅಪ್ಪ:
ಮಗಳ ಅಭ್ಯಾಸ ಪುಸ್ತಕದಲ್ಲಿ ರಣಹದ್ದಿನ ಬಗ್ಗೆ ಆರು ಸಾಲು ಇತ್ತು. ವಿಷಯ ಇಷ್ಟೇ: ಬಿಸಿಲಿಗೆ ನೆಲ ಕಾಯುತ್ತದೆ, ನೆಲದ ಮೇಲಿನ ಗಾಳಿ ಬಿಸಿಯಾಗಿ ಮೇಲೇಳುತ್ತದೆ. ರಣಹದ್ದು ಅಗಲವಾದ ರೆಕ್ಕೆ ಚಾಚಿ ಆ ಗಾಳಿಯಲ್ಲೇ ಸುತ್ತು ಹಾಕುತ್ತಾ ಮೇಲೇರುತ್ತದೆ. ರೆಕ್ಕೆ ಬಡಿದು ಹಾರುವುದಕ್ಕಿಂತ ಇದಕ್ಕೆ ತುಂಬಾ ಕಡಿಮೆ ಶಕ್ತಿ ಸಾಕು.

ಇದರಿಂದ ಏನನ್ನು ಊಹಿಸಬಹುದು?
ಅ) ರಣಹದ್ದಿನ ಮೂಳೆ ಟೊಳ್ಳು, ಅದಕ್ಕೇ ಮೈ ಹಗುರ.
ಆ) ನಸುಕಿನಲ್ಲಿ ರಣಹದ್ದಿಗೆ ಹೀಗೆ ಮೇಲೇರುವುದು ಕಷ್ಟ.
ಇ) ರಣಹದ್ದು ರೆಕ್ಕೆ ಬಡಿಯುವುದೇ ಇಲ್ಲ.

ಹದಿನೈದು ವರ್ಷದಿಂದ ಹಕ್ಕಿ ನೋಡುತ್ತಿದ್ದೇನೆ. ಧೈರ್ಯವಾಗಿ ‘ಅ’ ಅಂದೆ. ಮಗಳು ‘ಆ’ ಅಂದಳು. ಪುಸ್ತಕದ ಕೊನೆಯಲ್ಲಿ ನೋಡಿದರೆ ಅವಳದ್ದೇ ಸರಿ. ನಸುಕು ಅನ್ನೋ ಮಾತೇ ಇಲ್ವಲ್ಲ ಅಲ್ಲಿ?

ಕೆಂಪು ಇಂಕು:
ಮೂಳೆ ಅನ್ನೋ ಮಾತು ಇದೆಯಾ? ಅದೂ ಇಲ್ಲ. ನಿಮ್ಮ ಉತ್ತರ ಸುಳ್ಳಲ್ಲ, ಆದರೆ ಅದು ಬಂದದ್ದು ನಿಮ್ಮ ತಲೆಯಿಂದ. ‘ಆ’ ಹಾಗಲ್ಲ. ಗಾಳಿ ಮೇಲೇಳಬೇಕಾದರೆ ನೆಲ ಕಾದಿರಬೇಕು, ನೆಲ ಕಾಯಬೇಕಾದರೆ ಬಿಸಿಲು ಬೇಕು. ನಸುಕಿನಲ್ಲಿ ಬಿಸಿಲೆಲ್ಲಿ? ನಾನು ಪಾಠ ಹೇಳುವಾಗ ಪ್ರತಿ ಉತ್ತರಕ್ಕೂ ‘ಯಾವ ಸಾಲು?’ ಅಂತ ಕೇಳಿ ಅಲ್ಲೇ ಗೆರೆ ಹಾಕಿಸುತ್ತೇನೆ. ಗೆರೆ ಹಾಕಲು ಸಾಲೇ ಸಿಗದಿದ್ದರೆ ಆ ಆಯ್ಕೆ ಬಿಟ್ಟುಬಿಡಿ. ‘ಇ’ಯಲ್ಲಿ ‘ಬಡಿಯುವುದೇ’ ಅನ್ನೋ ‘ಏ’ಕಾರ ನೋಡಿದಿರಾ? ಅದೇ ಬಲೆ.

ತಕರಾರು:
ನಸುಕಿನಲ್ಲಿ ಬಿಸಿಲಿರುವುದಿಲ್ಲ ಅನ್ನುವುದೂ ತಲೆಯಿಂದ ಬಂದದ್ದೇ ಅಲ್ವಾ?

ಕೆಂಪು ಇಂಕು:
ಒಳ್ಳೇ ತಕರಾರು. ಹೌದು, ಅಷ್ಟು ಸೇರಿಸಬಹುದು. ಅದು ಎಲ್ಲರಿಗೂ ಗೊತ್ತಿರುವ ಮಾತು, ಪ್ಯಾಸೇಜಿನ ಸಾಲಿಗೆ ಅಂಟಿಕೊಂಡೇ ಇದೆ. ಟೊಳ್ಳು ಮೂಳೆ ಯಾವ ಸಾಲಿಗೆ ಅಂಟುತ್ತದೆ ಹೇಳಿ?

ರಾತ್ರಿ ಓದು:
ನಾನು ಬಿದ್ದದ್ದು ಪೆಂಗ್ವಿನ್ ಪ್ರಶ್ನೆಯಲ್ಲಿ. ಹಾರುವ ಹಕ್ಕಿಗಳ ಮೂಳೆ ಸಾಮಾನ್ಯವಾಗಿ ಟೊಳ್ಳು, ಪೆಂಗ್ವಿನ್ ಮೂಳೆ ಗಟ್ಟಿ, ಅದು ನೀರಲ್ಲಿ ಮುಳುಗಿ ಬೇಟೆಯಾಡುತ್ತದೆ ಅಂತ ಇತ್ತು. ನಾನು ‘ಹಾರದ ಹಕ್ಕಿಗಳಿಗೆಲ್ಲ ಮೂಳೆ ಗಟ್ಟಿ’ ಅಂತ ಬರೆದೆ. ತಪ್ಪು. ಭಾರವಾದ ಮೂಳೆ ಮುಳುಗಲು ನೆರವಾಗಬಹುದು ಅನ್ನುವಷ್ಟೇ ಅಲ್ಲಿಂದ ಹೊರಡುತ್ತದೆ. ಆಮೇಲೆ ಓದಿದೆ, ಹಾರದ ಉಷ್ಟ್ರಪಕ್ಷಿಯ ತೊಡೆ ಮೂಳೆಯೊಳಗೆ ಗಾಳಿ ಇದೆಯಂತೆ. ಲೂನ್ ಅನ್ನೋ ನೀರುಹಕ್ಕಿ ಚೆನ್ನಾಗೇ ಹಾರುತ್ತದೆ, ಅದರ ಮೂಳೆ ಗಟ್ಟಿ. ಒಂದು ಹಕ್ಕಿ ನೋಡಿ ಇಡೀ ಕುಲಕ್ಕೇ ತೀರ್ಪು ಕೊಟ್ಟಿದ್ದೆ.

ಬೈನಾಕ್ಯುಲರ್ ಅಪ್ಪ:
ಸೋತೆ ಬಿಡಿ. ಹೊಟ್ಟೆ ಉರಿಸುವ ಸಂಗತಿ ಇನ್ನೊಂದಿದೆ. ಎಷ್ಟೋ ಸಲ ಕತ್ತಲೆಗೇ ಎದ್ದು ಹೋಗಿ, ಕೈ ಉಜ್ಜಿಕೊಳ್ಳುತ್ತಾ ಬಂಡೆ ಎದುರು ಕೂತಿದ್ದೇನೆ. ರಣಹದ್ದುಗಳು ಸಾಲಾಗಿ ಸುಮ್ನೆ ಕೂತಿರುತ್ತಿದ್ದವು. ಹೊತ್ತೇರುವ ತನಕ ಒಂದೂ ಮೇಲೇಳುತ್ತಿರಲಿಲ್ಲ. ಸೋಮಾರಿಗಳು ಅಂತ ಬೈದುಕೊಂಡಿದ್ದೆ. ಇದನ್ನು ಮಗಳಿಗೆ ಹೇಳಿದರೆ, “ಹಾಗಾದ್ರೆ ಉತ್ತರ ನಿನಗೇ ಗೊತ್ತಿತ್ತಲ್ಲಪ್ಪಾ” ಅಂದಳು.