ಸಂತೆಯಲ್ಲಿ ರೈತರಿಂದಲೇ ತರಕಾರಿ ಕೊಂಡರೆ ನಿಜಕ್ಕೂ ಪ್ರಯೋಜನವಿದೆಯೇ?

ಪ್ರಶ್ನೆ (ಕೋಲಾರದ ಗೃಹಿಣಿ):
ನಮಸ್ಕಾರ. ಮದುವೆಯಾಗಿ ಕೋಲಾರಕ್ಕೆ ಬಂದು ಎರಡು ವರ್ಷವಾಯಿತು. ಇದುವರೆಗೆ ತರಕಾರಿಯನ್ನೆಲ್ಲ ಮನೆಯ ಹತ್ತಿರದ ಸೂಪರ್ ಮಾರ್ಕೆಟ್ಟಿನಲ್ಲೇ ಕೊಳ್ಳುತ್ತಿದ್ದೆ. ಸಂತೆಗೆ ಹೋಗಿ ಬೆಳೆದವರ ಕೈಯಿಂದಲೇ ತರಬೇಕೆಂಬುದು ನಮ್ಮ ಅತ್ತೆಯವರ ಹಟ. ಕಳೆದ ತಿಂಗಳು ಅವರ ಜೊತೆ ಹೋದಾಗ ಕೆಲವು ತರಕಾರಿಗೆ ಅಂಗಡಿಯಷ್ಟೇ ಬೆಲೆ ಇತ್ತು, ಒಂದು ಕಡೆ ತೂಕವೂ ಕಡಿಮೆ ಎನಿಸಿತು. ಹಣ ಉಳಿಯದಿದ್ದರೆ ಅಷ್ಟು ದೂರ ಹೋಗುವುದರಿಂದ ನಮಗೂ ರೈತರಿಗೂ ಏನು ಲಾಭ? ಕೂತು ಮಾರುವವರು ರೈತರೇ ಎಂದು ತಿಳಿಯುವುದು ಹೇಗೆ?

ಉತ್ತರ 1 (ಮುಳಬಾಗಿಲು ಕಡೆಯ ಬೆಳೆಗಾರ):
ನಾನು ಟೊಮೆಟೊವನ್ನು ಕೋಲಾರದ ಮಂಡಿಗೆ ಹಾಕುತ್ತೇನೆ, ಸೊಪ್ಪನ್ನು ಸಂತೆಗೆ ತರುತ್ತೇನೆ. ಆದ್ದರಿಂದ ಎರಡರ ಅನುಭವವೂ ನನಗಿದೆ, ಅಕ್ಕ. ಮಂಡಿಯಲ್ಲಿ 15 ಕಿಲೋ ಬಾಕ್ಸಿನ ಬೆಲೆಯು ಆ ದಿನ ಎಷ್ಟು ಮಾಲು ಬಂದಿದೆ, ಹೊರ ರಾಜ್ಯದ ವ್ಯಾಪಾರಿಗಳು ಎಷ್ಟಕ್ಕೆ ಕೂಗುತ್ತಾರೆ ಎಂಬುದರ ಮೇಲೆ ಹರಾಜಿನಲ್ಲಿ ತೀರ್ಮಾನವಾಗುತ್ತದೆ. 2023ರ ಜುಲೈನಲ್ಲಿ ಒಂದು ಬಾಕ್ಸು 2,000 ರೂಪಾಯಿ ದಾಟಿತ್ತು. ಬಿಡಿಸಿದ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆಗೆ ಸುರಿದ ವರ್ಷಗಳನ್ನೂ ನಾವು ಕಂಡಿದ್ದೇವೆ. ಗ್ರಾಹಕರು ಟೊಮೆಟೊಗೆ ಕೊಡುವ ಒಂದು ರೂಪಾಯಿಯಲ್ಲಿ ರೈತನಿಗೆ ತಲುಪುವುದು ಸುಮಾರು 33 ಪೈಸೆ ಎಂದು ರಿಸರ್ವ್ ಬ್ಯಾಂಕ್ 2024ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಲೆಕ್ಕ ಹಾಕಿದೆ. ಮಿಕ್ಕದ್ದು ಸಾಗಣೆಗೆ, ಕಮಿಷನ್ನಿಗೆ, ದಾರಿಯಲ್ಲಿ ಕೊಳೆಯುವ ಮಾಲಿಗೆ, ಅಂಗಡಿಯವರ ಲಾಭಕ್ಕೆ ಹೋಗುತ್ತದೆ.

ಸಂತೆಯಲ್ಲಾದರೋ, ಒಂದು ಕಟ್ಟು ದಂಟಿನ ಸೊಪ್ಪಿಗೆ ನೀವು ಕೊಟ್ಟ ಹಣದಲ್ಲಿ ಬಸ್ ಚಾರ್ಜು ಮತ್ತು ಸುಂಕ ಕಳೆದು ಉಳಿದದ್ದೆಲ್ಲ ಬೆಳೆದವರ ಕೈಯಲ್ಲೇ ನಿಲ್ಲುತ್ತದೆ. ನೀವು ಅಂಗಡಿಯ ಬೆಲೆಯನ್ನೇ ಕೊಟ್ಟಿರಬಹುದು, ಆದರೆ ನಮ್ಮ ಪಾಲಿಗೆ ಅದು ಮಂಡಿಯ ಬೆಲೆಗಿಂತ ಬಹಳ ಹೆಚ್ಚು. ಒಂದು ಮಾತು ಹೇಳಲೇಬೇಕು: ಕತ್ತಲಾದ ಮೇಲೆ ಉಳಿದ ಸೊಪ್ಪನ್ನು ನಾವು ಹಿಂದಕ್ಕೆ ಒಯ್ಯಲಾರೆವೆಂದು ತಿಳಿದೇ ಅರ್ಧ ಬೆಲೆಗೆ ಕೇಳುವವರಿದ್ದಾರೆ. ಅದು ಬಹಳ ನೋವು ಕೊಡುತ್ತದೆ.

ಉತ್ತರ 2 (ಶ್ರೀನಿವಾಸಪುರದ ನಿವೃತ್ತ ಶಿಕ್ಷಕಿ):
ಬೆಲೆಗಿಂತ ರುಚಿಯ ಕಾರಣಕ್ಕೆ ನಾನು ಸಂತೆಯನ್ನು ಬಿಟ್ಟಿಲ್ಲ. ದೂರದೂರಿಗೆ ಹೋಗುವ ಟೊಮೆಟೊ ಲಾರಿಯಲ್ಲಿ ಒಡೆಯಬಾರದು. ಅದಕ್ಕಾಗಿ ಗಟ್ಟಿ ಸಿಪ್ಪೆಯ ತಳಿಯನ್ನೇ ಹಾಕಿ, ಪೂರ್ತಿ ಕೆಂಪಾಗುವ ಮೊದಲೇ ಬಿಡಿಸುತ್ತಾರೆ. ತೆಳು ಸಿಪ್ಪೆಯ ನಾಟಿ ಟೊಮೆಟೊ ಅಷ್ಟು ದೂರದ ಪ್ರಯಾಣ ತಾಳುವುದಿಲ್ಲ, ಆದರೆ ಸಾರಿಗೆ ಬೇಕಾದ ಹುಳಿ ಇರುವುದು ಅದರಲ್ಲಿಯೇ. ಅವರೆಕಾಯಿಯ ಮಾತನ್ನಂತೂ ಕೇಳಲೇಬೇಡಿ. ಚಳಿಗಾಲದಲ್ಲಿ ಆಗತಾನೆ ಕಿತ್ತು ತಂದ ಕಾಯಿಯನ್ನು ಸುಲಿದರೆ ಸೊಗಡು ಬೆರಳಿಗೆ ಅಂಟುತ್ತದೆ, ಕೈ ತೊಳೆದರೂ ಘಮ ಹೋಗುವುದಿಲ್ಲ. ಅದೇ ಕಾಯಿ ಎರಡು ದಿನ ಪ್ಲಾಸ್ಟಿಕ್ ಚೀಲದಲ್ಲಿ ಕೂತರೆ ಆ ಸೊಗಡೆಲ್ಲ ಮಾಯವಾಗುತ್ತದೆ.

ಬೆಳೆದವರನ್ನು ಗುರುತಿಸುವುದು ಕಷ್ಟವಲ್ಲ. ಅವರ ಮುಂದೆ ಒಂದೆರಡು ಬಗೆಯ ತರಕಾರಿ ಮಾತ್ರ ಇರುತ್ತದೆ, ಕಾಯಿಗಳು ಒಂದೇ ಗಾತ್ರದಲ್ಲಿರುವುದಿಲ್ಲ, ಯಾವಾಗ ಬಿತ್ತಿದಿರಿ ಎಂದರೆ ಉತ್ತರ ಥಟ್ಟನೆ ಬರುತ್ತದೆ. ಹುರುಳಿಕಾಯಿಯ ಪಕ್ಕದಲ್ಲೇ ಊಟಿ ಕ್ಯಾರೆಟ್ಟು, ಸೇಬು ಕಂಡರೆ ಅದು ಮಂಡಿಯಿಂದ ತಂದು ಮಾರುವ ಮಾಲು. ಅವರದೂ ದುಡಿಮೆಯೇ, ತಪ್ಪೇನಲ್ಲ. ಆದರೆ ನೀವು ಕೇಳಿದ ಲಾಭ ಅಲ್ಲಿ ಸಿಗುವುದಿಲ್ಲ.

ಉತ್ತರ 3 (ಬಂಗಾರಪೇಟೆಯಿಂದ):
ತೂಕದ ವಿಷಯಕ್ಕೆ: ತಕ್ಕಡಿ ಮತ್ತು ತೂಕದ ಬಟ್ಟುಗಳ ಮೇಲೆ ಮಾಪನ ಇಲಾಖೆಯ ಮುದ್ರೆ ಇದೆಯೇ ನೋಡಿ, ಇಲ್ಲದಿದ್ದರೆ ಕೇಳಲು ಸಂಕೋಚಪಡಬೇಡಿ. ಪಕ್ಕದ ಆಂಧ್ರದಲ್ಲಿ 1999ರಲ್ಲಿ ಆರಂಭವಾದ ರೈತು ಬಜಾರುಗಳಲ್ಲಿ ಬೆಳೆಗಾರರಿಗೆ ಗುರುತಿನ ಚೀಟಿ ಕೊಟ್ಟು, ದಿನದ ಬೆಲೆಯನ್ನು ಹಲಗೆಯ ಮೇಲೆ ಬರೆಯುವ ಪದ್ಧತಿ ತಂದರು. ನಮ್ಮ ತಾಲ್ಲೂಕು ಸಂತೆಗಳಲ್ಲಿ ಅಂಥ ಒಂದು ಹಲಗೆ ಮತ್ತು ಬೆಳೆಗಾರರಿಗೆಂದೇ ನೆರಳಿರುವ ಒಂದು ಸಾಲು ಇದ್ದರೆ, ನಿಮ್ಮ ಎರಡನೆಯ ಪ್ರಶ್ನೆ ಯಾರಿಗೂ ಬರುತ್ತಿರಲಿಲ್ಲ. ಇದನ್ನು ಪುರಸಭೆಗೆ ಬರೆದು ಕೇಳೋಣ. ಅರ್ಜಿಗೆ ಮೊದಲ ಸಹಿ ನನ್ನದೇ ಇರಲಿ.