ಸಹಾಯ ಬೇಕು: ಹಡಗಿಂದ ಇಳಿಯದಿದ್ರೂ ಲಕ್ಷದ್ವೀಪದ ಪರ್ಮಿಟ್ ಬೇಕಾ?

ನಮಸ್ಕಾರ, ಮೂಡಿಗೆರೆಯಿಂದ. ಕಾಫಿ ಕೊಯ್ಲು ಮುಗಿದ್ಮೇಲೆ ಅಮ್ಮನ್ನ ಮುಂಬೈ–ಕೊಚ್ಚಿ ಕ್ರೂಸ್‌ಗೆ ಕರ್ಕೊಂಡು ಹೋಗ್ಬೇಕು ಅಂತಿದೀನಿ. (ಚಾರ್ಮಾಡಿ ತಿರುವಲ್ಲೇ ನಿಂಬೆಹಣ್ಣು ಮೂಸೋರು ಹಡಗಲ್ಲಿ ಏನ್ಮಾಡ್ತಾರೋ!) ದಾರೀಲಿ ಲಕ್ಷದ್ವೀಪದ ಅಗತ್ತಿ ದ್ವೀಪದ ಹತ್ರ ಹಡಗು ನಿಲ್ಲುತ್ತಂತೆ. ಲಕ್ಷದ್ವೀಪಕ್ಕೆ ಕಾಲಿಡೋಕೆ ನಮ್ಮ ದೇಶದೋರಿಗೂ 1967ರ ನಿಯಮದ ಪ್ರಕಾರ ಪರ್ಮಿಟ್ ಬೇಕು, ಅಷ್ಟು ಗೊತ್ತು. ಆದ್ರೆ ದೊಡ್ಡ ಹಡಗು ದಡಕ್ಕೆ ಹೋಗಲ್ಲ, ಅಲುಗಾಡೋ ಸಣ್ಣ ದೋಣಿಗೆ ಇಳೀಬೇಕು. ಅಮ್ಮನ ಮಂಡಿ ಅದಕ್ಕೆ ಒಪ್ಪಲ್ಲ, ಹಡಗಲ್ಲೇ ಕೂತಿರ್ತಾರೆ.

ಒಬ್ಬ ಏಜೆಂಟ್ "ಇಳಿಯಲ್ಲ ಅಂದ್ರೆ ಬೇಡ" ಅಂದ. ಇನ್ನೊಬ್ಬ "ಪೊಲೀಸ್ ಕ್ಲಿಯರೆನ್ಸ್ ಮಾಡಿಸ್ಕೊಂಡು ಬನ್ನಿ" ಅಂದ. ಹೆಲ್ಪ್‌ಲೈನಲ್ಲಿ ಬರೀ ಮ್ಯೂಸಿಕ್ಕು.

ಹೋಗಿ ಬಂದೋರು ಹೇಳಿ: ಹಡಗಲ್ಲೇ ಉಳಿಯೋರಿಗೂ ಪರ್ಮಿಟ್ ಬೇಕಾ? ಬೇಕಂದ್ರೆ ಹಡಗಿನೋರೇ ಮಾಡಿಸ್ತಾರಾ, ನಾವೇ ಅರ್ಜಿ ಹಾಕ್ಬೇಕಾ?